ರಾಜ್ಯ ವಕೀಲರ ಪರಿಷತ್ತು, ವಕೀಲರ ಸಂಘ: ಸಮಿತಿ, ಚುನಾವಣೆ, ಶಿಸ್ತು, ಲೆಕ್ಕಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸನ್ನದು (ವಕೀಲಿಕೆಯ ಪರವಾನಗಿ) ಪಡೆದ ವಕೀಲರು, ತಾಲ್ಲೂಕು ಸಂಘಗಳ ಪದಾಧಿಕಾರಿಗಳು, ವರ್ಷಗಟ್ಟಲೆ ಕೋರ್ಟು ಅಲೆದ ಕಕ್ಷಿದಾರರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಇವನ್ನೆಲ್ಲ ಓದುತ್ತಾ ಹೋದಾಗ ಒಂದು ವಿಷಯ ಎದ್ದು ಕಾಣುತ್ತದೆ. ಕಾನೂನಿನಲ್ಲಿ ದಾರಿ ಇಲ್ಲದೆ ಸೋತವರು ಕಡಿಮೆ. ಅರ್ಜಿ ತಪ್ಪು ಬಾಗಿಲಿಗೆ ಹೋಗಿ ಸೋತವರೇ ಜಾಸ್ತಿ. ಅದಕ್ಕೇ ಉತ್ತರಗಳಲ್ಲಿ ಯಾರ ಹತ್ತಿರ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬುದಕ್ಕೆ ಒತ್ತು ಕೊಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಬಾರ್ ಕೌನ್ಸಿಲ್, ಬಾರ್ ಅಸೋಸಿಯೇಷನ್ ಎರಡೂ ಒಂದೇ ಅಲ್ವಾ?

ಅಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್, 1961ರ ವಕೀಲರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಇದರ ಕಚೇರಿ ಬೆಂಗಳೂರಿನ ಡಾ. ಅಂಬೇಡ್ಕರ್ ವೀದಿಯಲ್ಲಿದೆ. ಸನ್ನದು ಕೊಡುವುದು, ವಕೀಲರ ಪಟ್ಟಿ ಇಡುವುದು, ದುರ್ನಡತೆಯ ದೂರು ವಿಚಾರಿಸುವುದು ಇದರ ಕೆಲಸ. ಸನ್ನದು ಅಮಾನತು ಮಾಡುವ ಅಧಿಕಾರವೂ ಇದಕ್ಕಿದೆ.

ವಕೀಲರ ಸಂಘ ಹಾಗಲ್ಲ. ಒಂದು ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರು ತಾವೇ ಸೇರಿ ಕಟ್ಟಿಕೊಂಡ ಸಂಘ ಅದು. ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿ ಆಗಿರುತ್ತದೆ. ಗ್ರಂಥಾಲಯ, ಕೂರಲು ಜಾಗ, ನ್ಯಾಯಾಧೀಶರ ಜೊತೆ ಮಾತುಕತೆ, ಸದಸ್ಯರ ಕಷ್ಟಸುಖ ಇವೆಲ್ಲ ಅದರ ಪಾಲಿಗೆ ಬರುತ್ತವೆ. ಸಂಘದ ಅಧ್ಯಕ್ಷರಿಗೆ ಯಾರ ಸನ್ನದನ್ನೂ ಮುಟ್ಟುವ ಅಧಿಕಾರವಿಲ್ಲ. ಕಕ್ಷಿದಾರರು ವಕೀಲರ ಮೇಲಿನ ದೂರನ್ನು ಸಂಘಕ್ಕೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದು ಈ ವ್ಯತ್ಯಾಸ ಗೊತ್ತಿಲ್ಲದೆ.

ಪರಿಷತ್ತಿನಲ್ಲಿ ಯಾರ್ಯಾರು ಇರ್ತಾರೆ? ಸರ್ಕಾರ ನೇಮಕ ಮಾಡುತ್ತಾ?

ಇಲ್ಲ, ವಕೀಲರೇ ಆರಿಸುತ್ತಾರೆ. ಮತದಾರ ವಕೀಲರ ಸಂಖ್ಯೆ 5,000 ದಾಟದ ರಾಜ್ಯದಲ್ಲಿ 15 ಮಂದಿ, 10,000ದವರೆಗೆ ಇದ್ದರೆ 20 ಮಂದಿ, ಅದಕ್ಕೂ ಮೇಲಿದ್ದರೆ 25 ಮಂದಿ ಚುನಾಯಿತರು. ನಮ್ಮ ರಾಜ್ಯದ್ದು 25ರ ಲೆಕ್ಕ. ರಾಜ್ಯ ಸರ್ಕಾರದ ಅತ್ಯುನ್ನತ ವಕೀಲರಾದ ಅಡ್ವೊಕೇಟ್ ಜನರಲ್ ಹುದ್ದೆಯ ಬಲದಿಂದ ಸದಸ್ಯರಾಗಿರುತ್ತಾರೆ. ಆಯ್ಕೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕನಿಷ್ಠ 10 ವರ್ಷ ವಕೀಲರ ಪಟ್ಟಿಯಲ್ಲಿ ಇದ್ದವರಾಗಿರಬೇಕು. ಅಧ್ಯಕ್ಷ, ಉಪಾಧ್ಯಕ್ಷರನ್ನು ಪರಿಷತ್ತೇ ಆರಿಸಿಕೊಳ್ಳುತ್ತದೆ. ಭಾರತೀಯ ವಕೀಲರ ಪರಿಷತ್ತಿಗೆ ರಾಜ್ಯದಿಂದ ಒಬ್ಬ ಸದಸ್ಯರನ್ನು ಕಳಿಸುವುದೂ ಇವರೇ.

ಎನ್‌ರೋಲ್‌ಮೆಂಟ್ ಫೀ ಎಷ್ಟು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎನ್‌ರೋಲ್‌ಮೆಂಟ್, ಅಂದರೆ ವಕೀಲರ ಪಟ್ಟಿಗೆ ಹೆಸರು ಸೇರಿಸಲು, ವಕೀಲರ ಕಾಯ್ದೆಯ 24ನೇ ಕಲಂ ಹೇಳುವುದು ಇಷ್ಟು: ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 100 ಮತ್ತು 25. ಸ್ಟಾಂಪ್ ಶುಲ್ಕ ಇದ್ದರೆ ಅದು ಬೇರೆ.

ಹಾಗಾದರೆ ಹತ್ತು ಸಾವಿರ, ಇಪ್ಪತ್ತು ಸಾವಿರ ಅನ್ನುವ ಮಾತು ಎಲ್ಲಿಂದ ಬಂತು? ದೇಶದ ಹಲವು ರಾಜ್ಯ ಪರಿಷತ್ತುಗಳು ಗ್ರಂಥಾಲಯ ನಿಧಿ, ಪರಿಶೀಲನಾ ಶುಲ್ಕ, ಸಂಸ್ಕರಣಾ ಶುಲ್ಕ ಎಂದು ಒಂದರ ಮೇಲೊಂದು ಸೇರಿಸುತ್ತಾ ಬಂದಿದ್ದವು. ಗೌರವ್ ಕುಮಾರ್ ಪ್ರಕರಣದಲ್ಲಿ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಕಾಯ್ದೆ ಹೇಳಿದ್ದಕ್ಕಿಂತ ಜಾಸ್ತಿ ಎನ್‌ರೋಲ್‌ಮೆಂಟ್ ಶುಲ್ಕ ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆದರೆ ತೀರ್ಪಿಗೂ ಮೊದಲು ಕಟ್ಟಿದ ಹಣ ವಾಪಸ್ ಸಿಗುವುದಿಲ್ಲ. ಹಳ್ಳಿಯಿಂದ ಬಂದು ಸಾಲ ಮಾಡಿ ಓದಿದ ಹುಡುಗ ಹುಡುಗಿಯರಿಗೆ ಈ ತೀರ್ಪಿನಿಂದ ದೊಡ್ಡ ಹೊರೆ ಇಳಿಯಿತು. ಅದನ್ನು ಎಲ್ಲರಿಗೂ ಹೇಳಬೇಕು.

ಸನ್ನದು ಸಿಕ್ಕಿದೆ. ಸಂಘದ ಸದಸ್ಯತ್ವ ಬೇಕೇ ಬೇಕಾ?

ಸಂಘದ ಸದಸ್ಯತ್ವ ಇಲ್ಲ ಎಂದು ಯಾವ ನ್ಯಾಯಾಧೀಶರೂ ನಿಮ್ಮ ವಕಾಲತ್ತು (ಕಕ್ಷಿದಾರರು ತಮ್ಮ ಪರ ವಾದಿಸಲು ಕೊಡುವ ಅಧಿಕಾರ ಪತ್ರ) ತಳ್ಳಿಹಾಕುವುದಿಲ್ಲ. ಆದರೆ ಭಾರತೀಯ ಪರಿಷತ್ತಿನ 2015ರ ನಿಯಮಗಳ ಪ್ರಕಾರ, ನೀವು ಸಾಮಾನ್ಯವಾಗಿ ಕೆಲಸ ಮಾಡುವ ಕೋರ್ಟಿನ ಸಂಘಕ್ಕೆ ಸೇರಬೇಕು. ಇಷ್ಟವಿಲ್ಲದಿದ್ದರೆ ರಾಜ್ಯ ಪರಿಷತ್ತಿಗೆ ತಿಳಿಸಬೇಕು. ಸೇರುವುದೇ ಒಳ್ಳೆಯದು. ಕಿರಿಯರಿಗೆ ಗ್ರಂಥಾಲಯ, ಕುರ್ಚಿ, ಹಿರಿಯರ ಪರಿಚಯ ಸಿಗುವುದು ಅಲ್ಲೇ.

ಬೇರೆ ರಾಜ್ಯದಲ್ಲಿ ಸನ್ನದು ಮಾಡಿಸಿದ್ದೆ. ಈಗ ಹುಬ್ಬಳ್ಳಿಗೆ ಬಂದಿದ್ದೇನೆ. ಹೊಸದಾಗಿ ಮಾಡಿಸಬೇಕಾ?

ಬೇಡ. 18ನೇ ಕಲಂ ಪ್ರಕಾರ ಹೆಸರನ್ನು ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಅರ್ಜಿ ಹೋಗಬೇಕಾದ್ದು ಭಾರತೀಯ ವಕೀಲರ ಪರಿಷತ್ತಿಗೆ. ಈ ವರ್ಗಾವಣೆಗೆ ಶುಲ್ಕವಿಲ್ಲ ಎಂದು ಕಾಯ್ದೆಯೇ ಹೇಳಿದೆ. ನಿಮ್ಮ ಮೇಲೆ ಶಿಸ್ತು ವಿಚಾರಣೆ ಬಾಕಿ ಇದ್ದರೆ ಅರ್ಜಿ ತಿರಸ್ಕಾರ ಆಗಬಹುದು.

## ಸಮಿತಿಗಳು

ಪರಿಷತ್ತಿನಲ್ಲಿ ಎಷ್ಟು ಸಮಿತಿ ಇವೆ? ಯಾವುದು ಏನು ಮಾಡುತ್ತೆ?

ಕಾಯ್ದೆಯೇ ಹೆಸರಿಸಿದ ಸಮಿತಿಗಳನ್ನು ಮೊದಲು ನೋಡೋಣ. ಕಾರ್ಯಕಾರಿ ಸಮಿತಿಯಲ್ಲಿ ಐವರು, ಎನ್‌ರೋಲ್‌ಮೆಂಟ್ ಸಮಿತಿಯಲ್ಲಿ ಮೂವರು. ಇವೆರಡೂ ಸ್ಥಾಯಿ ಸಮಿತಿಗಳು, ಸದಸ್ಯರೆಲ್ಲ ಪರಿಷತ್ತಿನ ಒಳಗಿನವರೇ. ಶಿಸ್ತು ಸಮಿತಿ ಒಂದಕ್ಕಿಂತ ಜಾಸ್ತಿ ಇರಬಹುದು, ಪ್ರತಿಯೊಂದರಲ್ಲೂ ಮೂವರು. ಕಾನೂನು ನೆರವು ಸಮಿತಿ ಮಾಡುವುದಾದರೆ ಐವರಿಂದ ಒಂಬತ್ತು ಮಂದಿ.

ಇದರ ಆಚೆಗೆ ಬೇಕಾದ ಸಮಿತಿಗಳನ್ನು ಮಾಡಿಕೊಳ್ಳಲು 10ನೇ ಕಲಂ ಅವಕಾಶ ಕೊಡುತ್ತದೆ. ಕಾನೂನು ಕಾರ್ಯಾಗಾರಕ್ಕೆ ಒಂದು, ಕಟ್ಟಡಕ್ಕೆ ಒಂದು ಎಂದು ಹುಟ್ಟುವುದು ಹೀಗೆ. ಯಾವ ಸಮಿತಿಯನ್ನಾದರೂ ಅಳೆಯಲು ಮೂರು ಪ್ರಶ್ನೆ ಸಾಕು. ಅದನ್ನು ರಚಿಸಿದ ಠರಾವು ಎಲ್ಲಿದೆ? ಅದಕ್ಕೆ ಎಷ್ಟು ಹಣ ಖರ್ಚು ಮಾಡುವ ಅಧಿಕಾರವಿದೆ? ವರದಿ ಯಾವಾಗ ಕೊಡಬೇಕು? ಈ ಮೂರೂ ನಡಾವಳಿ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ಲೆಟರ್‌ಹೆಡ್‌ಗೆ ಸೀಮಿತವಾದ ಸಮಿತಿ.

ಎನ್‌ರೋಲ್‌ಮೆಂಟ್ ಸಮಿತಿ ನನ್ನ ಅರ್ಜಿಯನ್ನು ಸೀದಾ ತಿರಸ್ಕರಿಸಬಹುದಾ?

ಸೀದಾ ಆಗುವುದಿಲ್ಲ. ತಿರಸ್ಕರಿಸಬೇಕು ಅನ್ನಿಸಿದರೆ ಸಮಿತಿ ಕಾರಣಗಳನ್ನು ಬರೆದು ಭಾರತೀಯ ಪರಿಷತ್ತಿನ ಅಭಿಪ್ರಾಯ ಕೇಳಬೇಕು. ಅಲ್ಲಿಂದ ಬಂದ ಅಭಿಪ್ರಾಯದಂತೆ ನಡೆದುಕೊಳ್ಳಬೇಕು. ಹಾಗಾಗಿ ಕಚೇರಿಯಲ್ಲಿ ಯಾರಾದರೂ ಬಾಯಿಮಾತಿನಲ್ಲಿ 'ನಿಮ್ಮದು ಆಗಲ್ಲ' ಅಂದರೆ ಎದ್ದು ಬರಬೇಡಿ. ಆಕ್ಷೇಪ ಏನೆಂದು ಬರಹದಲ್ಲಿ ಕೇಳಿ. ಬಹಳ ಸಲ ಅದು ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಇರುವ ಒಂದಕ್ಷರದ ವ್ಯತ್ಯಾಸ ಆಗಿರುತ್ತದೆ. ಒಮ್ಮೆ ತಿರಸ್ಕಾರವಾದರೆ ಮಾತ್ರ ಕಷ್ಟ ಇದೆ. ತಿರಸ್ಕರಿಸಿದ ಪರಿಷತ್ತಿನ ಮತ್ತು ಭಾರತೀಯ ಪರಿಷತ್ತಿನ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ರಾಜ್ಯದವರು ನಿಮ್ಮ ಅರ್ಜಿ ತೆಗೆದುಕೊಳ್ಳುವಂತಿಲ್ಲ.

ಫೀ ಕೊಡಲು ಆಗದವರಿಗೆ ಉಚಿತ ವಕೀಲರು ಬೇಕು. ಪರಿಷತ್ತಿಗೆ ಬರೆಯಲಾ?

ತುರ್ತು ಇದ್ದರೆ ಅಲ್ಲಿಗೆ ಬರೆದು ಕಾಯಬೇಡಿ. ತಾಲ್ಲೂಕು ಅಥವಾ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ, ಪ್ರಾಧಿಕಾರಗಳ ಕಚೇರಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು.

## ಚುನಾವಣೆ

ಬ್ಯಾಲಟ್‌ನಲ್ಲಿ ನಂಬರ್ ಯಾಕೆ ಬರೀಬೇಕು? ಬೇಕಾದವರ ಮುಂದೆ ಮುದ್ರೆ ಒತ್ತಿದರೆ ಆಗಲ್ವಾ?

ಆಗಲ್ಲ. ಪರಿಷತ್ತಿನ ಚುನಾವಣೆ ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ ನಡೆಯುತ್ತದೆ. ನಿಮಗಿರುವುದು ಒಂದೇ ಮತ, ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಸಾಗಬಲ್ಲದು. ಮೊದಲ ಆಯ್ಕೆಗೆ 1, ಆಮೇಲಿನವರಿಗೆ 2, 3, 4 ಎಂದು ಬರೆಯುತ್ತಾ ಹೋಗಬೇಕು.

ಎಣಿಕೆ ಹೇಗೆ ಅನ್ನುವುದನ್ನು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸಿಂಧುವಾದ ಮತಗಳು 26,000 ಬಂದಿವೆ, ಸ್ಥಾನಗಳು 25 ಎಂದುಕೊಳ್ಳಿ. ಸ್ಥಾನಕ್ಕೆ ಒಂದು ಕೂಡಿಸಿದರೆ 26. ಮತಗಳನ್ನು 26ರಿಂದ ಭಾಗಿಸಿದರೆ 1,000. ಅದಕ್ಕೆ ಒಂದು ಕೂಡಿಸಿದರೆ 1,001. ಇದೇ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತ. ಮೊದಲ ಪ್ರಾಶಸ್ತ್ಯದಲ್ಲೇ 1,001 ಮುಟ್ಟಿದವರು ಗೆದ್ದಂತೆ. ಒಬ್ಬರಿಗೆ 1,501 ಬಂತು ಅನ್ನಿ. ಅವರಿಗೆ ಬೇಕಾದ್ದಕ್ಕಿಂತ 500 ಮತ ಜಾಸ್ತಿ. ಆ ಹೆಚ್ಚುವರಿ ಮತಗಳು ಅವರ ಬ್ಯಾಲಟ್‌ಗಳಲ್ಲಿ ಮುಂದಿನ ಪ್ರಾಶಸ್ತ್ಯ ಪಡೆದವರಿಗೆ ಹೋಗುತ್ತವೆ, ಕಡಿಮೆಯಾದ ಮೌಲ್ಯದಲ್ಲಿ. ಹೆಚ್ಚುವರಿ ಹಂಚಿ ಮುಗಿದ ಮೇಲೆ ತೀರಾ ಕೆಳಗಿರುವವರನ್ನು ಕಣದಿಂದ ಬಿಡುತ್ತಾರೆ. ಅವರ ಬ್ಯಾಲಟ್‌ಗಳು ಮುಂದಿನ ಹೆಸರಿಗೆ ಸಾಗುತ್ತವೆ. 25 ಸ್ಥಾನ ತುಂಬುವವರೆಗೂ ಹೀಗೇ. ಎಣಿಕೆಗೆ ದಿನಗಟ್ಟಲೆ ಬೇಕಾಗುವುದು ಇದಕ್ಕೇ.

ಇದರಿಂದ ನಿಮಗೇನು ಉಪಯೋಗ? 1 ಅಂತ ಬರೆದು ಸುಮ್ಮನಾದರೆ, ನಿಮ್ಮ ಅಭ್ಯರ್ಥಿ ಕಣದಿಂದ ಹೊರಬಿದ್ದ ಕ್ಷಣ ನಿಮ್ಮ ಮತ ಅಲ್ಲೇ ನಿಲ್ಲುತ್ತದೆ. ನಾಲ್ಕಾರು ಹೆಸರಿಗಾದರೂ ನಂಬರ್ ಹಾಕಿ. ಒಂದೇ ನಂಬರನ್ನು ಇಬ್ಬರಿಗೆ ಕೊಡಬೇಡಿ. ಟಿಕ್ ಹಾಕಬೇಡಿ, ಸಹಿ ಮಾಡಬೇಡಿ. ದೊಡ್ಡ ಜಿಲ್ಲೆಗಳ ಬಲದ ನಡುವೆ ಚಿಕ್ಕ ತಾಲ್ಲೂಕಿನ ವಕೀಲರೊಬ್ಬರು ಗೆದ್ದು ಬರಲು ಸಾಧ್ಯವಾಗುವುದು ಎರಡನೇ, ಮೂರನೇ ಪ್ರಾಶಸ್ತ್ಯಗಳಿಂದಲೇ. ಈ ಪದ್ಧತಿಯ ನಿಜವಾದ ಶಕ್ತಿ ಅಲ್ಲಿದೆ.

ಐದು ವರ್ಷ ಮುಗಿದರೂ ಚುನಾವಣೆ ಆಗದಿದ್ದರೆ ಹಳೆಯವರೇ ಮುಂದುವರಿಯಬಹುದಾ?

ಸದಸ್ಯರ ಅವಧಿ ಐದು ವರ್ಷ. ಭಾರತೀಯ ಪರಿಷತ್ತು ಕಾರಣ ಬರೆದು ಆರು ತಿಂಗಳವರೆಗೆ ವಿಸ್ತರಿಸಬಹುದು. ಅಷ್ಟರಲ್ಲೂ ಆಗದಿದ್ದರೆ 8ಎ ಕಲಂ ಪ್ರಕಾರ ವಿಶೇಷ ಸಮಿತಿ ಬರಬೇಕು. ಅದರಲ್ಲಿ ಅಡ್ವೊಕೇಟ್ ಜನರಲ್ ಅಧ್ಯಕ್ಷರು, ಭಾರತೀಯ ಪರಿಷತ್ತು ನಾಮಕರಣ ಮಾಡಿದ ಇಬ್ಬರು ವಕೀಲರು ಸದಸ್ಯರು. ಈ ಸಮಿತಿ ಆರು ತಿಂಗಳಲ್ಲಿ ಚುನಾವಣೆ ನಡೆಸಬೇಕು.

ಕಾಗದದ ಮೇಲೆ ಇಷ್ಟು ಸರಳ. ಆದರೆ ವಕೀಲರ ಪದವಿ ಪ್ರಮಾಣಪತ್ರಗಳ ಪರಿಶೀಲನೆ ಮುಗಿದಿಲ್ಲ ಎಂಬ ಕಾರಣಕ್ಕೆ ದೇಶದ ಅನೇಕ ರಾಜ್ಯಗಳಲ್ಲಿ ಅವಧಿ ಮುಗಿದವರೇ ಮುಂದುವರಿದರು. ಕೊನೆಗೆ 2025ರಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿ ಹಾಕಿ ಚುನಾವಣೆ ನಡೆಸಲು ಆದೇಶಿಸಬೇಕಾಯಿತು. ನಕಲಿ ಪದವಿಯವರನ್ನು ಹೊರಹಾಕುವುದು ತುಂಬಾ ಮುಖ್ಯ ಕೆಲಸ. ಹಾಗೆಂದು ಅದನ್ನು ಮತದಾನ ಮುಂದೂಡುವ ನೆಪ ಮಾಡಿಕೊಳ್ಳಬಾರದು. ಎರಡೂ ಒಟ್ಟಿಗೆ ನಡೆಯಬಲ್ಲ ಕೆಲಸಗಳು.

ಮಹಿಳಾ ವಕೀಲರಿಗೆ ಮೀಸಲಾತಿ ಇದೆಯಾ, ಇಲ್ಲ ಬರೀ ಮಾತಾ?

ಇದೆ, ಸುಪ್ರೀಂ ಕೋರ್ಟಿನ ಆದೇಶಗಳಿಂದ ಬಂದಿದೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಆದೇಶವಾಯಿತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆ ಮಹಿಳೆಯರಿಗೆ ಮೀಸಲಾಯಿತು. ಅದೇ ವರ್ಷ ರಾಜ್ಯದ ಜಿಲ್ಲಾ ಸಂಘಗಳಿಗೂ ಖಜಾಂಚಿ ಹುದ್ದೆ ಮತ್ತು ಆಡಳಿತ ಮಂಡಳಿಯ ಶೇ 30 ಸ್ಥಾನಗಳ ಮೀಸಲು ವಿಸ್ತರಿಸಿತು. ವರ್ಷದ ಕೊನೆಗೆ ರಾಜ್ಯ ವಕೀಲರ ಪರಿಷತ್ತುಗಳಲ್ಲೂ ಶೇ 30 ಪ್ರಾತಿನಿಧ್ಯ ಇರಬೇಕು ಎಂದು ಕೋರ್ಟ್ ಹೇಳಿತು.

ಖಜಾಂಚಿ ಹುದ್ದೆಯನ್ನೇ ಆರಿಸಿದ್ದು ನನಗೆ ತುಂಬಾ ಸರಿ ಎನಿಸಿತು. ಸಾಂಸ್ಕೃತಿಕ ಕಾರ್ಯದರ್ಶಿ ಹುದ್ದೆ ಕೊಟ್ಟು ಕೈತೊಳೆದುಕೊಳ್ಳುವುದು ಹಳೆಯ ಅಭ್ಯಾಸ. ಚೆಕ್‌ಬುಕ್ ಕೈಗೆ ಬಂದರೆ ಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ. ಇಷ್ಟಾದರೂ ಎಷ್ಟೋ ಕೋರ್ಟುಗಳಲ್ಲಿ ಮಹಿಳಾ ವಕೀಲರಿಗೆ ಸರಿಯಾದ ಶೌಚಾಲಯವಿಲ್ಲ, ಮಗು ಮಲಗಿಸಲು ಮೂಲೆಯಿಲ್ಲ. ಗೆದ್ದ ಮಹಿಳೆಯರ ಜೊತೆ ಉಳಿದ ಸದಸ್ಯರೂ ನಿಂತು ಮೊದಲ ಸಭೆಯಲ್ಲೇ ಅದಕ್ಕೆ ಹಣ ತೆಗೆದಿಡಿಸಬೇಕು.

ನಾನು ಎರಡು ಸಂಘಗಳಲ್ಲಿ ಸದಸ್ಯ. ಎರಡರಲ್ಲೂ ಮತ ಹಾಕಬಹುದಾ?

ಎರಡೂ ಸಂಘಗಳ ಬೈಲಾ ನೋಡಿ. 'ಒಬ್ಬ ವಕೀಲ, ಒಂದು ಸಂಘ, ಒಂದು ಮತ' ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಬಿ.ಡಿ. ಕೌಶಿಕ್ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಚುನಾವಣೆಗೆ ಮಾತ್ರ ಬಂದು ಹೋಗುವ ಮತದಾರರಿಂದ ನಿತ್ಯ ಅಲ್ಲೇ ಕೆಲಸ ಮಾಡುವವರ ದನಿ ಮುಳುಗಬಾರದು ಎಂಬುದು ಅದರ ಹಿಂದಿನ ಕಾಳಜಿ. ಸಂಘ ಘೋಷಣಾ ಪತ್ರ ಕೇಳಿದರೆ ನಿಜ ಬರೆದು ಕೊಡಿ.

## ದೂರು ಮತ್ತು ಶಿಸ್ತು

ನಮ್ಮ ವಕೀಲರು ದುಡ್ಡು ತಗೊಂಡು ಕೇಸೇ ಹಾಕಲಿಲ್ಲ. ಎಲ್ಲಿ ದೂರು ಕೊಡಲಿ?

ರಾಜ್ಯ ವಕೀಲರ ಪರಿಷತ್ತಿಗೆ. ಕರ್ನಾಟಕದಲ್ಲಿ ಸನ್ನದು ಪಡೆದವರಾದರೆ ಅವರು ಬೀದರ್‌ನಲ್ಲಿದ್ದರೂ ಚಾಮರಾಜನಗರದಲ್ಲಿದ್ದರೂ ಬಾಗಿಲು ಒಂದೇ. ದೂರು ಅರ್ಜಿಯ ರೂಪದಲ್ಲಿರಬೇಕು, ಸಹಿ ಇರಬೇಕು, ಬರೆದದ್ದು ನಿಜ ಎಂಬ ಪ್ರಮಾಣೀಕರಣ ಇರಬೇಕು, ನಿಗದಿತ ಶುಲ್ಕ ಕಟ್ಟಬೇಕು. ಫೋನಿನಲ್ಲಿ ಅತ್ತುಕೊಂಡರೆ ದೂರಾಗುವುದಿಲ್ಲ.

ಬರೆಯುವಾಗ ಬೈಗುಳ ಬಿಡಿ, ದಿನಾಂಕ ಹಿಡಿಯಿರಿ. ಯಾವ ದಿನ ವಕಾಲತ್ತಿಗೆ ಸಹಿ ಹಾಕಿದಿರಿ, ಯಾವ ದಿನ ಎಷ್ಟು ಹಣ ಹೇಗೆ ಕೊಟ್ಟಿರಿ, 'ಕೇಸ್ ಹಾಕಿದ್ದೇನೆ' ಎಂದು ಯಾವಾಗ ಹೇಳಿದರು, ಕೇಸ್ ಇಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು. ಬ್ಯಾಂಕ್ ವಿವರ, ಮೆಸೇಜುಗಳ ಪ್ರತಿ, ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿದಾಗ ಬಂದ ಪುಟ ಇವನ್ನು ಲಗತ್ತಿಸಿ. ಸಂಖ್ಯೆ ಹಾಕಿ ಜೋಡಿಸಿದ ಹತ್ತು ಪುಟದ ದೂರು, ಸಿಟ್ಟಿನಲ್ಲಿ ಬರೆದ ನಲವತ್ತು ಪುಟಕ್ಕಿಂತ ಬೇಗ ಮುಂದೆ ಹೋಗುತ್ತದೆ. ಕೇಸ್ ಸೋತಿದ್ದು ಮಾತ್ರ ದುರ್ನಡತೆ ಆಗುವುದಿಲ್ಲ ಎಂಬುದೂ ನೆನಪಿರಲಿ.

ಫೀ ಬಾಕಿ ಇದೆ ಅಂತ ಫೈಲ್ ವಾಪಸ್ ಕೊಡ್ತಿಲ್ಲ. ಇದು ಸರಿನಾ?

ಸರಿಯಲ್ಲ. ಫೀ ಬಾಕಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹಾಗೆ ಹಿಡಿದಿಟ್ಟುಕೊಂಡರೆ ಅದೇ ದುರ್ನಡತೆ. ಬಾಕಿ ವಸೂಲಿಗೆ ವಕೀಲರಿಗೆ ಬೇರೆ ಕಾನೂನು ದಾರಿಗಳಿವೆ. ಮೊದಲು ಫೈಲ್ ಕೇಳಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿ. ಆ ರಸೀದಿ ಮುಂದೆ ಕೆಲಸಕ್ಕೆ ಬರುತ್ತದೆ.

ಶಿಸ್ತು ಸಮಿತಿಯಲ್ಲೂ ವಕೀಲರೇ ಇರ್ತಾರಲ್ಲ. ನಮಗೆ ನ್ಯಾಯ ಸಿಗುತ್ತಾ?

ಈ ಅನುಮಾನ ಸಹಜ. ಅದಕ್ಕೇ ಕಾಯ್ದೆ ಕೆಲವು ಕಾವಲುಗಳನ್ನು ಇಟ್ಟಿದೆ. ಮೂವರಲ್ಲಿ ಇಬ್ಬರು ಪರಿಷತ್ತಿನ ಸದಸ್ಯರು. ಮೂರನೆಯವರು ಪರಿಷತ್ತಿನ ಹೊರಗಿನ ವಕೀಲರು, ಕನಿಷ್ಠ 10 ವರ್ಷ ಪಟ್ಟಿಯಲ್ಲಿ ಇದ್ದವರು. ಮೂವರಲ್ಲಿ ಹಿರಿಯರು ಅಧ್ಯಕ್ಷತೆ ವಹಿಸುತ್ತಾರೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅಡ್ವೊಕೇಟ್ ಜನರಲ್‌ಗೂ ನೋಟಿಸ್ ಹೋಗಬೇಕು.

ಸಮಿತಿ ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಇಷ್ಟು ಕಾಲ ಎಂದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ಪರಿಷತ್ತಿಗೆ ಮೇಲ್ಮನವಿ. ಅಲ್ಲಿಯ ಆದೇಶದ ಮೇಲೆ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟು.

ಅತಿ ಮುಖ್ಯವಾದ ಕಾವಲು 36ಬಿ ಕಲಂ. ದೂರು ಬಂದ ದಿನದಿಂದ ಒಂದು ವರ್ಷದಲ್ಲಿ ಶಿಸ್ತು ಸಮಿತಿ ತೀರ್ಮಾನ ಮಾಡಬೇಕು. ಮಾಡದಿದ್ದರೆ ಪ್ರಕರಣ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ದೂರು ಕೊಟ್ಟ ದಿನದ ಸ್ವೀಕೃತಿ ಮುದ್ರೆ ಇರುವ ಪ್ರತಿಯನ್ನು ಜೋಪಾನ ಮಾಡಿ. ಒಂದು ವರ್ಷದ ಲೆಕ್ಕ ಶುರುವಾಗುವುದು ಅಲ್ಲಿಂದ.

ಈಗ ರಾಜಿ ಆಗಿದೆ. ದೂರು ವಾಪಸ್ ತಗೊಂಡರೆ ಮುಗೀತಲ್ವಾ?

ಮುಗಿಯುವುದಿಲ್ಲ. ದೂರುದಾರರು ಹಿಂದೆ ಸರಿದರು, ರಾಜಿ ಆಯಿತು ಎಂಬ ಒಂದೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ ಎಂದು ಭಾರತೀಯ ಪರಿಷತ್ತಿನ ನಿಯಮ ಹೇಳುತ್ತದೆ. ಇದು ಇಬ್ಬರ ನಡುವಿನ ವ್ಯಾಜ್ಯ ಅಲ್ಲ, ವೃತ್ತಿಯ ಮರ್ಯಾದೆಯ ಪ್ರಶ್ನೆ. ಹಣ ವಾಪಸ್ ಕೊಟ್ಟಿದ್ದನ್ನು ಸಮಿತಿ ಶಿಕ್ಷೆ ನಿರ್ಧರಿಸುವಾಗ ಗಮನಿಸಬಹುದು, ಅಷ್ಟೇ.

ಗ್ರಾಹಕರ ಕೋರ್ಟಿಗೆ ಹೋದರೆ ಬೇಗ ಆಗುತ್ತೆ ಅಂತಾರೆ. ಹೌದಾ?

ಆ ದಾರಿ ಈಗ ಇಲ್ಲ. 2024ರ ಮೇ 14ರಂದು ಡಿ.ಕೆ. ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದಿತು. ನಷ್ಟ ಪರಿಹಾರಕ್ಕೆ ಸಿವಿಲ್ ದಾವೆ, ನಡತೆಗೆ ಪರಿಷತ್ತು, ಮೋಸ ನಡೆದಿದ್ದರೆ ಪೊಲೀಸ್ ಠಾಣೆ.

## ಸಂಘದ ಒಳಗಿನ ಕಷ್ಟಗಳು

ಸಂಘ ಕಲಾಪ ಬಹಿಷ್ಕಾರ ಅಂದಿದೆ. ನಾನು ಹಾಜರಾದರೆ ಸದಸ್ಯತ್ವ ತೆಗೀತಾರಾ?

ತೆಗೆಯುವಂತಿಲ್ಲ. 2002ರ ಡಿಸೆಂಬರ್ 17ರ ಹರೀಶ್ ಉಪ್ಪಲ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ, ಸಾಂಕೇತಿಕ ಮುಷ್ಕರದ ಹಕ್ಕೂ ಇಲ್ಲ. ಹಾಜರಾಗುವ ವಕೀಲರನ್ನು ಬೆದರಿಸುವುದು, ಉಚ್ಚಾಟನೆ ಮಾಡುವುದು ತಪ್ಪು. ಪ್ರತಿಭಟಿಸಲು ತೋಳಿಗೆ ಕಪ್ಪುಪಟ್ಟಿ ಕಟ್ಟುವುದು, ಪತ್ರಿಕಾ ಹೇಳಿಕೆ, ಕೋರ್ಟ್ ಆವರಣದ ಹೊರಗೆ ಶಾಂತಿಯುತ ಮೆರವಣಿಗೆ, ಧರಣಿ, ಸರದಿ ಉಪವಾಸ ಇವಕ್ಕೆ ಅಡ್ಡಿಯಿಲ್ಲ. ನ್ಯಾಯಾಂಗದ ಅಥವಾ ವಕೀಲವೃಂದದ ಘನತೆ, ಸ್ವಾತಂತ್ರ್ಯಕ್ಕೇ ಧಕ್ಕೆ ಬಂದ ಅಪರೂಪದಲ್ಲಿ ಅಪರೂಪದ ಸಂದರ್ಭದಲ್ಲಿ ಒಂದು ದಿನ ದೂರ ಉಳಿದರೆ ಕೋರ್ಟು ಅದನ್ನು ಕಡೆಗಣಿಸಬಹುದು. ಅದಕ್ಕೂ ಮೊದಲೇ ಸಂಘದ ಅಧ್ಯಕ್ಷರು ಮುಖ್ಯ ನ್ಯಾಯಮೂರ್ತಿ ಅಥವಾ ಜಿಲ್ಲಾ ನ್ಯಾಯಾಧೀಶರ ಜೊತೆ ಮಾತಾಡಬೇಕು, ಅವರ ತೀರ್ಮಾನವೇ ಕೊನೆ.

ಬಹಿಷ್ಕಾರದ ದಿನ ಸಾಲುಸಾಲಾಗಿ ನಿಂತಿರುವವರನ್ನು ಒಮ್ಮೆ ನೋಡಬೇಕು. ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ಮುದುಕಿ, ಜಾಮೀನಿಗೆ ಕಾದ ಕುಟುಂಬ, ಒಂದು ದಿನದ ಕೂಲಿ ಬಿಟ್ಟು ಸಾಕ್ಷಿ ಹೇಳಲು ಬಂದವರು. ಅವರಿಗೆ ಸಿಗುವುದು ಮುಂದಿನ ದಿನಾಂಕ ಮಾತ್ರ. ಸಂಘದ ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಅದರ ಬೆಲೆಯನ್ನು ಇವರ ಕೈಯಿಂದ ಕೊಡಿಸಬಾರದು.

ಆ ಆರೋಪಿಗೆ ಯಾರೂ ವಕಾಲತ್ತು ಹಾಕಬಾರದು ಅಂತ ಸಂಘ ಠರಾವು ಮಾಡಿದೆ. ಪಾಲಿಸಬೇಕಾ?

ಬೇಡ. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇಂಥ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅವಕ್ಕೆ ಬೆಲೆಯೇ ಇಲ್ಲ ಎಂದಿದೆ. ಊರೆಲ್ಲ ಸಿಟ್ಟಾಗಿರುವಾಗ ಒಬ್ಬರ ಪರ ನಿಲ್ಲಲು ಧೈರ್ಯ ಬೇಕು. ಆ ಧೈರ್ಯ ತೋರಿದವರ ಬೆನ್ನಿಗೆ ನಿಲ್ಲುವುದು ಸಂಘದ ಕೆಲಸ.

ಖಜಾಂಚಿ ಎರಡು ವರ್ಷದಿಂದ ಲೆಕ್ಕ ಮಂಡಿಸಿಲ್ಲ. ಕೇಳಿದರೆ ಜಗಳ. ಏನು ಮಾಡೋದು?

ಜಗಳ ಆಡದೆ ಕಾಗದದಲ್ಲಿ ಕೇಳಿ. ನೋಂದಾಯಿತ ಸಂಘ ಪ್ರತಿ ವರ್ಷ ಮಹಾಸಭೆ ಕರೆಯಬೇಕು. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಅಢಾವೆ ಪತ್ರವನ್ನೂ (ಬ್ಯಾಲೆನ್ಸ್ ಶೀಟ್) ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮೊದಲು ನೋಂದಣಾಧಿಕಾರಿ ಕಚೇರಿಗೆ ಹೋಗಿ ಅವು ಸಲ್ಲಿಕೆಯಾಗಿವೆಯೇ ಎಂದು ನೋಡಿ. ಸಲ್ಲಿಕೆ ಆಗಿಲ್ಲವೆಂದರೆ ನಿಮ್ಮ ಮಾತಿಗೆ ಅದೇ ಸಾಕ್ಷಿ.

ಸಭೆ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಸನ್ಮಾನ, ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಅರ್ಧ ಜನ ಎದ್ದಿರುತ್ತಾರೆ. ಆಗ ಲೆಕ್ಕಪತ್ರ ಓದಿ, 'ಒಪ್ಪಿಗೆ ಇದೆಯಲ್ಲ' ಎಂದು ಕೇಳಿ, ಚಪ್ಪಾಳೆ ಹೊಡೆಸಿ ಮುಗಿಸುತ್ತಾರೆ. ಇದನ್ನು ತಪ್ಪಿಸಲು, ಸಭೆಗೆ ಒಂದು ವಾರ ಮೊದಲೇ ಲೆಕ್ಕದ ಪ್ರತಿ ಕೊಡಿ, ಕಾರ್ಯಸೂಚಿಯಲ್ಲಿ ಅದನ್ನು ಮೊದಲ ವಿಷಯ ಮಾಡಿ ಎಂದು ಹತ್ತಿಪ್ಪತ್ತು ಸದಸ್ಯರು ಸಹಿ ಹಾಕಿ ಪತ್ರ ಕೊಡಿ. ಸಭೆಯಲ್ಲಿ ಕೇಳಬೇಕಾದ್ದು ಸಣ್ಣ ಪ್ರಶ್ನೆಗಳು: ವಕಾಲತ್ತು ಫಾರಂ ಎಷ್ಟು ಅಚ್ಚಾಯಿತು, ಎಷ್ಟು ಮಾರಾಟವಾಯಿತು, ಉಳಿದದ್ದು ಎಲ್ಲಿದೆ? ಕ್ಯಾಂಟೀನ್ ಬಾಡಿಗೆ ಯಾವ ಖಾತೆಗೆ ಬರುತ್ತದೆ? ನಿಶ್ಚಿತ ಠೇವಣಿ ರಸೀದಿ ತೋರಿಸಬಹುದೇ? ಹೀಗೆ ಕೇಳಿದರೆ ಯಾರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲ, ಉತ್ತರ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದರೆ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಂ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಅವರೇ ಸ್ವಯಂ ಆಗಿಯೂ ಮಾಡಬಹುದು. ಇದು ಕೊನೆಯ ದಾರಿ. ಆಡಳಿತಾಧಿಕಾರಿ ಬಂದು ಕೂರುವ ಹಂತ ತಲುಪಿದರೆ ಸಂಘದ ಕೆಲಸವೇ ನಿಂತುಹೋಗುತ್ತದೆ.

ವಕೀಲರ ಮೇಲೆ ಹಲ್ಲೆ ಆದರೆ ಸಂಘ ಏನು ಮಾಡಬಹುದು?

ಈಗ ನಮ್ಮ ರಾಜ್ಯಕ್ಕೆ ಇದಕ್ಕೆಂದೇ ಕಾನೂನಿದೆ. ವಕೀಲರ ಮೇಲಿನ ಹಿಂಸೆ ತಡೆಯಲು 2023ರಲ್ಲಿ ವಿಧಾನಮಂಡಲ ಒಪ್ಪಿದ ಕಾಯ್ದೆ 2024ರಲ್ಲಿ ಜಾರಿಗೆ ಬಂತು. ಕೆಲಸದ ಕಾರಣಕ್ಕೆ ಹಲ್ಲೆ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ವಕೀಲರನ್ನು ಬಂಧಿಸಿದರೆ ಪೊಲೀಸರು 24 ಗಂಟೆಯೊಳಗೆ ಅವರ ಸಂಘದ ಅಧ್ಯಕ್ಷರಿಗೋ ಕಾರ್ಯದರ್ಶಿಗೋ ತಿಳಿಸಬೇಕು. ಹಾಗಾಗಿ ಪದಾಧಿಕಾರಿಗಳ ಈಗಿನ ಫೋನ್ ನಂಬರುಗಳನ್ನು ಎಲ್ಲ ಠಾಣೆಗಳಿಗೂ ಬರಹದಲ್ಲಿ ಕೊಟ್ಟಿಡಿ. ಹಳೆಯ ಅಧ್ಯಕ್ಷರ ನಂಬರಿಗೆ ಫೋನ್ ಹೋದರೆ ಕಾನೂನು ಇದ್ದೂ ಪ್ರಯೋಜನವಿಲ್ಲ.

## ಹಣ, ಮಾಹಿತಿ, ಮರುಪರಿಶೀಲನೆ

ವಕಾಲತ್ತಿಗೆ ಕಲ್ಯಾಣ ನಿಧಿ ಸ್ಟಾಂಪ್ ಹಚ್ಚುತ್ತಲೇ ಇದ್ದೇನೆ. ನನಗೆ ಪರಿಹಾರ ಸಿಗುತ್ತೆ ತಾನೇ?

ಸ್ಟಾಂಪ್ ಹಚ್ಚಿದ ಮಾತ್ರಕ್ಕೆ ಸಿಗುವುದಿಲ್ಲ. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ನಿಧಿಗೆ ನೀವೇ ಅರ್ಜಿ ಹಾಕಿ ಸದಸ್ಯರಾಗಬೇಕು. ಸ್ಟಾಂಪ್ ಹಣ ನಿಧಿಗೆ ಹೋಗುತ್ತದೆ, ಆದರೆ ಹಕ್ಕು ಬರುವುದು ಸದಸ್ಯರಿಗೆ. ಸನ್ನದು ಬಂದ ವರ್ಷವೇ ಸೇರಿಬಿಡಿ, ನಾಮಿನಿ ಹೆಸರು ಬರೆಸಿ. ಮದುವೆಯಾದ ಮೇಲೆ ನಾಮಿನಿ ಬದಲಿಸದೆ ಹೋಗಿ, ವಕೀಲರು ತೀರಿಕೊಂಡ ಮೇಲೆ ಹೆಂಡತಿ ಮಕ್ಕಳು ಪರದಾಡುವುದನ್ನು ಸಂಘದ ಪದಾಧಿಕಾರಿಗಳು ಆಗಾಗ ನೋಡುತ್ತಾರೆ. ಪ್ರತಿ ಸಂಘ ವರ್ಷಕ್ಕೊಂದು ದಿನ ಇದಕ್ಕಾಗಿಯೇ ಮೀಸಲಿಟ್ಟು ಸದಸ್ಯರ ಅರ್ಜಿ, ನಾಮಿನಿ ಸರಿ ಮಾಡಿಸಬೇಕು. ಒಂದು ಮೇಜು, ಇಬ್ಬರು ಕಿರಿಯರು ಸಾಕು.

ಪರಿಷತ್ತಿನ ಲೆಕ್ಕವನ್ನು ನನ್ನಂಥ ಸಾಮಾನ್ಯ ವಕೀಲ ನೋಡಬಹುದಾ?

ಖಂಡಿತ. 12ನೇ ಕಲಂ ಪ್ರಕಾರ ಲೆಕ್ಕವನ್ನು ಅರ್ಹ ಲೆಕ್ಕಪರಿಶೋಧಕರು ಪರಿಶೀಲಿಸಬೇಕು. ಅವರ ವರದಿ ಭಾರತೀಯ ಪರಿಷತ್ತಿಗೆ ಹೋಗಬೇಕು, ರಾಜ್ಯಪತ್ರದಲ್ಲೂ ಪ್ರಕಟವಾಗಬೇಕು. ಪರಿಷತ್ತು ಕಾಯ್ದೆಯಿಂದ ಹುಟ್ಟಿದ ಸಂಸ್ಥೆಯಾದ್ದರಿಂದ ಮಾಹಿತಿ ಹಕ್ಕು ಕಾಯ್ದೆಯೂ ಅನ್ವಯಿಸುತ್ತದೆ. 10 ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. 'ಎಲ್ಲ ಲೆಕ್ಕ ಕೊಡಿ' ಅನ್ನಬೇಡಿ. ಇಂಥ ವರ್ಷದ ಲೆಕ್ಕಪರಿಶೋಧನಾ ವರದಿ, ಇಂಥ ಸಮಿತಿಯ ಸಭಾ ನಡಾವಳಿ, ಇಂಥ ಕಾರ್ಯಾಗಾರದ ಖರ್ಚಿನ ವಿವರ ಎಂದು ಹೆಸರಿಟ್ಟು ಕೇಳಿ.

ನನ್ನ ದೂರನ್ನು ಶಿಸ್ತು ಸಮಿತಿಗೆ ಕಳಿಸದೆ ಪರಿಷತ್ತೇ ಮುಚ್ಚಿಹಾಕಿದೆ. ಮೇಲ್ಮನವಿ ಇದೆಯಾ?

ಮೇಲ್ಮನವಿ ಇರುವುದು ಶಿಸ್ತು ಸಮಿತಿಯ ಆದೇಶದ ಮೇಲೆ. ಸಮಿತಿಗೆ ಹೋಗುವ ಮೊದಲೇ ದೂರು ಮುಗಿದರೆ ದಾರಿ ಬೇರೆ. ಮೇಲ್ಮನವಿ ಇಲ್ಲದ ಇಂಥ ತೀರ್ಮಾನಗಳ ಕಡತವನ್ನು ತರಿಸಿಕೊಂಡು, ಅದು ಸರಿಯೇ ಎಂದು ನೋಡುವ ಅಧಿಕಾರವನ್ನು 48ಎ ಕಲಂ ಭಾರತೀಯ ಪರಿಷತ್ತಿಗೆ ಕೊಟ್ಟಿದೆ. ಇದನ್ನು ರಿವಿಜನ್ ಅರ್ಜಿ ಎನ್ನುತ್ತಾರೆ. ಎದುರು ಪಕ್ಷದವರ ಮಾತು ಕೇಳದೆ ಅವರ ವಿರುದ್ಧ ಆದೇಶ ಮಾಡುವಂತಿಲ್ಲ.

ಪರಿಷತ್ತು ದೂರು ಮುಚ್ಚಿದ ನಿರ್ಣಯದ ದೃಢೀಕೃತ ಪ್ರತಿ ಮೊದಲು ತೆಗೆದುಕೊಳ್ಳಿ. ಅದರಲ್ಲಿ ಕಾರಣ ಬರೆದಿದ್ದಾರೆಯೇ ನೋಡಿ. ಕಾರಣವೇ ಇಲ್ಲದಿದ್ದರೆ ನಿಮ್ಮ ಅರ್ಜಿಯ ಮೊದಲ ಅಂಶ ಅದೇ ಆಗಲಿ. ಮೂಲ ದೂರು, ಸ್ವೀಕೃತಿ ಮುದ್ರೆ, ಲಗತ್ತುಗಳನ್ನು ಹಾಗೆಯೇ ಜೋಡಿಸಿ, ಹೊಸ ಆರೋಪ ಸೇರಿಸಬೇಡಿ. ಶಿಸ್ತು ಸಮಿತಿಯ ಆದೇಶವನ್ನು ಅದೇ ಸಮಿತಿ ಮತ್ತೆ ನೋಡಬೇಕಾದರೆ ಅದಕ್ಕೆ 44ನೇ ಕಲಂ ಇದೆ. ಅಲ್ಲೂ 60 ದಿನದ ಮಿತಿ, ಮತ್ತು ರಾಜ್ಯ ಸಮಿತಿ ಮಾಡಿದ ಮರುಪರಿಶೀಲನೆಗೆ ಭಾರತೀಯ ಪರಿಷತ್ತಿನ ಒಪ್ಪಿಗೆ ಬೇಕು. ಇವೆಲ್ಲ ಮುಗಿದ ಮೇಲೂ ಕಾನೂನು ಮೀರಿದ್ದು ಸ್ಪಷ್ಟವಾಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಉತ್ತರ ಕರ್ನಾಟಕದವರು ಅದಕ್ಕಾಗಿ ಬೆಂಗಳೂರಿಗೇ ಬರಬೇಕಾ, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹಾಕಬಹುದಾ ಎಂಬುದನ್ನು ಅರ್ಜಿ ಸಿದ್ಧಮಾಡುವ ಮೊದಲೇ ನಿಮ್ಮ ವಕೀಲರ ಹತ್ತಿರ ಕೇಳಿಕೊಳ್ಳಿ.